ಛತ್ರಿಬಟ್ಟೆಯ ಜೋಲಿ

ಮಂಚೇನಹಳ್ಳಿ
9 ಜೂನ್ 2025

ಭಾನುಪ್ರಕಾಶನಿಗೆ,

ಚಿರಂಜೀವಿ ಅಂತ ಶುರು ಮಾಡಬೇಕಿತ್ತು. ಕೈ ಬರಲಿಲ್ಲ, ಬಿಟ್ಟಿದ್ದೇನೆ. ನೀನು ಫೋನಿನಲ್ಲಿ ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ, ನಿನ್ನ ಹೆಂಡತಿ ಯಶೋಧರಾ ನಿನಗಿಂತ ಮೊದಲೇ ಮಾಡಿದ್ದಾಳೆ. ಪೋಸ್ಟ್‌ಮ್ಯಾನನ್ನು ಬ್ಲಾಕ್ ಮಾಡುವ ವಿದ್ಯೆ ನಿಮ್ಮ ಕಾಲೇಜಿಗೆ ಇನ್ನೂ ಬಂದಿಲ್ಲ ಅಂದುಕೊಂಡು ಬರೆಯುತ್ತಿದ್ದೇನೆ. ಅಪ್ಪ ಮಿಲಿಟರಿಯಲ್ಲಿದ್ದಷ್ಟು ಕಾಲ ಅಮ್ಮ ಅಪ್ಪನ ಜೊತೆ ಜಗಳ ಆಡಿದ್ದೆಲ್ಲ ಇನ್‌ಲ್ಯಾಂಡ್ ಪತ್ರದಲ್ಲೇ. ನಮ್ಮ ಮನೆಯಲ್ಲಿ ಇದೇನೂ ಹೊಸದಲ್ಲ.

ಮೊನ್ನೆ ನನ್ನ ಅಳಿಯ ಅಂಬರೀಶ್ ಬಾಗೇಪಲ್ಲಿಯಿಂದ ಬರುವಾಗ ಪೆರೇಸಂದ್ರದ ಹತ್ತಿರ ಟೀ ಕುಡಿಯಲು ನಿಂತನಂತೆ. ಪಕ್ಕದಲ್ಲಿ ಮೊದಲು ದ್ರಾಕ್ಷಿ ಪೆಟ್ಟಿಗೆ ತುಂಬುತ್ತಿದ್ದ ಗೋಡೌನಿಗೆ ಬಣ್ಣ ಹೊಡೆದು ದೊಡ್ಡ ಬೋರ್ಡು ಹಾಕಿದ್ದಾರೆ: ಸೇನಾ ಸರಬರಾಜು ಮ್ಯೂಸಿಯಂ. ಯಾರೋ ನಿವೃತ್ತ ಮೇಜರ್ ತೆಗೆದದ್ದಂತೆ. ಗುಂಡು ಹೊಡೆದವರ ವಿಷಯ ಅಲ್ಲಿಲ್ಲ. ಅವರಿಗೆ ಅಕ್ಕಿ, ಬೇಳೆ, ಉಪ್ಪು, ಸೀಮೆಎಣ್ಣೆ ಮುಟ್ಟಿಸಿದವರ ವಿಷಯ. ಹರಿಣಿಯ ತಾತನ ಕೆಲಸವೇ ಅಲ್ಲವಾ ಅಂತ ಅಂಬರೀಶ ಒಳಗೆ ಹೋಗಿ, ಫೋಟೋ ತೆಗೆದುಕೊಂಡು ಬಂದ. ನೋಡಿದರೆ, ಚಾವಣಿಯಿಂದ ನಮ್ಮ ಛತ್ರಿಬಟ್ಟೆ ನೇತಾಡುತ್ತಿದೆ! ಕೆಳಗೆ ಚೀಟಿ: ಕೊಡುಗೆ, ಪ್ರೊ. ಭಾನುಪ್ರಕಾಶ್, ಚಿಂತಾಮಣಿ.

ಕೊಡುಗೆಯಂತೆ ಕೊಡುಗೆ! ಯಾರಪ್ಪನ ಸೊತ್ತು ಅಂತ ಕೊಟ್ಟೆ ಕಣೋ? ಆ ಅಪ್ಪ ನನಗೂ ಅಪ್ಪನೇ.

ನಿನಗೆ ಮರೆತಿದ್ದರೆ ಹೇಳುತ್ತೇನೆ. ರಸ್ತೆ ಇಲ್ಲದ ಗುಡ್ಡಗಳ ಮೇಲಿನ ಸೈನಿಕರಿಗೆ ವಿಮಾನದ ಬಾಗಿಲಿಂದ ಮೂಟೆ ತಳ್ಳುವುದು ಅಪ್ಪನ ಕೆಲಸ. ಮೂಟೆ ನೆಲಕ್ಕೆ ಬಿದ್ದು ಒಡೆಯದ ಹಾಗೆ ಪ್ಯಾರಾಚೂಟ್ ಛತ್ರಿ ಕಟ್ಟಿ ತಳ್ಳುತ್ತಿದ್ದರು. ನಾನು ಹುಟ್ಟಿದ ವರ್ಷ ರಜೆಗೆ ಬಂದಾಗ, ಕೆಲಸಕ್ಕೆ ಬಾರದೆಂದು ಬಿಸಾಡಿದ್ದ ಒಂದು ಛತ್ರಿಯನ್ನು ಟ್ರಂಕಿನಲ್ಲಿ ತಂದರು. ಅಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುತ್ತಿದ್ದವಳು. ಬೆರಳಲ್ಲಿ ತಿಕ್ಕಿ ನೋಡಿ, "ರೇಷ್ಮೆ ಅಲ್ಲ ಬಿಡಿ, ಆದ್ರೂ ಮನುಷ್ಯರ ಭಾರ ತಡೆಯುತ್ತೆ" ಅಂದಳಂತೆ. ಕತ್ತರಿ ಹಾಕಲು ಅಪ್ಪ ಬಿಡಲಿಲ್ಲ. ಹಗ್ಗ ಬಿಚ್ಚಿ, ಮಡಿಸಿ, ತೊಲೆಗೆ ಜೋಲಿ ಕಟ್ಟಿದರು. ಅದರಲ್ಲಿ ನಾನು ಮಲಗಿದೆ, ನೀನು ಮಲಗಿದೆ, ಚಿಕ್ಕಪ್ಪನ ಮಗಳು ಕವಿತ ಮಲಗಿದಳು, ನನ್ನ ಹರಿಣಿ ಮಲಗಿದಳು. ಹೆಸರಿಟ್ಟ ದಿನ ನಮ್ಮ ಮನೆಯ ಕೂಸನ್ನು ಆ ಬಟ್ಟೆಗೇ ಹಾಕುವುದು.

ಅಪ್ಪ ತೀರಿಕೊಂಡ ವಾರಕ್ಕೇ ಕಾರು ತಂದು ಟ್ರಂಕು ಹಾಕಿಕೊಂಡು ಹೋದೆ. ಮೆಡಲು, ಫೋಟೋ ಎಲ್ಲ ಗಂಡುಮಗನ ಹತ್ತಿರ ಇರಲಿ ಅಂತ ನಾನು ಸುಮ್ಮನಿದ್ದೆ. ಈಗ ಹರಿಣಿಗೆ ಐದು ತಿಂಗಳು. ಅಕ್ಟೋಬರಿನಲ್ಲಿ ಹೆರಿಗೆ, ನನ್ನ ಮನೆಯಲ್ಲೇ ಬಾಣಂತನ. ಆ ಕೂಸು ಅಪ್ಪನ ಬಟ್ಟೆಯಲ್ಲೇ ಮಲಗಬೇಕು. ಮರುಮಾತಿಲ್ಲದೆ ವಾಪಸ್ ತಂದುಕೊಡು.

ನಿನ್ನ ಅಕ್ಕ, ಅಂತ ನೀನು ಒಪ್ಪಿದರೆ,
ಮಂಗಮ್ಮ


ಚಿಂತಾಮಣಿ
18 ಜೂನ್ 2025

ಅಕ್ಕ,

ಜೈ ಭೀಮ್.

ಪತ್ರ ತಲುಪಿತು. ನಾನು ಪ್ರೊಫೆಸರ್ ಅಲ್ಲ, ಅಧ್ಯಾಪಕ. ಆ ಚೀಟಿ ಬರೆದವರು ಮ್ಯೂಸಿಯಮ್ಮಿನವರು. ನೀನು ಆಡಿಕೊಳ್ಳಲಿ ಎಂದು ನಾನು ಬರೆಸಿದ್ದಲ್ಲ.

ನಮ್ಮೂರು ಸಾದಲಿಯಲ್ಲಿ ಅಪ್ಪನನ್ನು ಜನ ಏನೆಂದು ಕರೆಯುತ್ತಿದ್ದರು ಎನ್ನುವುದು ನಿನಗೆ ನೆನಪಿರಬೇಕು. ಮೂಟೆ ಮಿಲಿಟರಿ. "ಕೊಂಡಪ್ಪ, ಬಂದೂಕು ಮುಟ್ಟಿದ್ದೀಯೇನೋ, ಬರೀ ಬೇಳೆ ಮೂಟೇನೇನೋ?" ಎಂದು ಮೇಲಿನ ಬೀದಿಯವರು ಕಟ್ಟೆಯ ಮೇಲೆ ಕೂತು ನಗುತ್ತಿದ್ದರು. ಊರಲ್ಲಿ ಮೂಟೆ ಹೊರುತ್ತಿದ್ದವರು ಅಲ್ಲಿ ಹೋಗಿಯೂ ಮೂಟೆಯನ್ನೇ ಹೊತ್ತರು ಎನ್ನುವುದು ಅವರ ಸಂತೋಷ. ಅಪ್ಪ ಒಂದು ದಿನವೂ ತಿರುಗಿ ಮಾತಾಡಲಿಲ್ಲ. ಈಗ ಅದೇ ಮೂಟೆಯ ಕೆಲಸಕ್ಕೆ ಒಂದು ಮ್ಯೂಸಿಯಂ ಆಗಿದೆ. ಶಾಲೆಯ ಮಕ್ಕಳು ಸಾಲಾಗಿ ಬಂದು ನೋಡುತ್ತಾರೆ. ಕೊಟ್ಟದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ನಿನಗೆ ಬೇಕೆ?

ಇನ್ನು ಹೆಸರಿಡುವ ದಿನದ ಮಾತು. ಧಮ್ಮ ದೀಕ್ಷೆ ತೆಗೆದುಕೊಂಡ ಮೇಲೆ ಶಾಸ್ತ್ರ, ಸಂಪ್ರದಾಯ ಎಲ್ಲ ಬಿಟ್ಟವರು ನಾವು. ಬಿಡಿಸಿದವರು ಅಪ್ಪನೇ. ಹೊಸದೊಂದು ಶಾಸ್ತ್ರವನ್ನು ನೀನು ಹುಟ್ಟಿಸಬೇಡ.

ಕೊನೆಯ ಮಾತು. ಆ ಬಟ್ಟೆಯಲ್ಲಿ ಯಾರ್ಯಾರು ಮಲಗಿದರು ಎಂದು ಹೆಸರು ಹೆಸರಾಗಿ ಬರೆದಿದ್ದೀಯ. ಒಬ್ಬನ ಹೆಸರು ಬಿಟ್ಟಿದ್ದೀಯ. ಮರೆತೆಯಾ, ಬೇಕೆಂದೇ ಬಿಟ್ಟೆಯಾ?

ಬಟ್ಟೆ ಎಲ್ಲಿದೆಯೋ ಅಲ್ಲೇ ಇರುತ್ತದೆ.

ಭಾನುಪ್ರಕಾಶ್


ಮಂಚೇನಹಳ್ಳಿ
13 ಜುಲೈ 2025

ಭಾನು,

ನಿನ್ನೆ ಶನಿವಾರ ನಿನ್ನ ಮ್ಯೂಸಿಯಮ್ಮಿಗೆ ಹೋಗಿ ಬಂದೆ. ಹರಿಣಿ ಬೇಡ ಬೇಡ ಅಂತಿದ್ದರೂ ಅಂಬರೀಶನ ಕಾರಿನಲ್ಲಿ ಅವಳನ್ನೂ ಕೂರಿಸಿಕೊಂಡು ಹೊರಟೆ. ಕೈಯಲ್ಲಿ ಒಗೆದು ಒಣಗಿಸಿದ ಬಟ್ಟೆಚೀಲ ಇತ್ತು.

ನಗಬೇಡ. ನಮ್ಮ ಸಮುದಾಯ ಭವನದ ಕೊಪ್ಪರಿಗೆ, ಜಮಖಾನ ನಾವು ಹೇಗೆ ತರುತ್ತೇವೆ? ಯಾರೋ ಒಬ್ಬರು ಕೊಟ್ಟದ್ದು, ಭವನದಲ್ಲಿರುತ್ತದೆ. ಮದುವೆಗೋ ನಾಮಕರಣಕ್ಕೋ ಬೇಕಾದವರು ಒಂದು ಮಾತು ಹೇಳಿ ತರುತ್ತಾರೆ, ಬೆಳಗಿ ವಾಪಸ್ ಇಡುತ್ತಾರೆ. ಕೊಟ್ಟ ಮನೆಯವರೇ ಬಂದು ಕೇಳಿದರೆ ಇಲ್ಲ ಅನ್ನುವವರು ಯಾರು? ಇದೂ ಹಾಗೇ ಅಂದುಕೊಂಡಿದ್ದೆ. ಒಂದು ದಿನದ ಮಟ್ಟಿಗೆ ತಂದು, ಒಗೆದು ಇಸ್ತ್ರಿ ಮಾಡಿಸಿ ಕೊಟ್ಟರಾಯಿತು, ನಿನ್ನ ಹಂಗೂ ಬೇಡ ಅಂತ ಲೆಕ್ಕ ಹಾಕಿದ್ದೆ.

ಬಾಗಿಲಲ್ಲೇ ಟಿಕೆಟ್. ಅಪ್ಪನ ಬಟ್ಟೆ ನೋಡಲು ನನಗೆ ಟಿಕೆಟ್! ಹರಿಣಿ ಕೈ ಹಿಡಿದು ಜಗ್ಗಿದಳು, ಇಲ್ಲದಿದ್ದರೆ ಅಲ್ಲೇ ಒಂದು ರಾಮಾಯಣ ಆಗುತ್ತಿತ್ತು.

ಒಳಗೆ ಚೆನ್ನಾಗಿ ಮಾಡಿದ್ದಾರೆ. ಅದನ್ನು ನಿನಗೆ ಬರೆಯಲು ನನಗೆ ಸಂಕಟ, ಆದರೂ ಇದ್ದದ್ದು ಇದ್ದ ಹಾಗೆ. ಮೊದಲ ಕೋಣೆಯಲ್ಲಿ ರಾಜರ ಕಾಲದ ದಂಡಿನ ಹಿಂದೆ ಧಾನ್ಯ ಹೊತ್ತು ಹೋಗುತ್ತಿದ್ದಂಥ ಎತ್ತಿನ ಗಾಡಿ, ಅದರ ಅಚ್ಚಿಗೆ ಎಣ್ಣೆ ಬಿಡುವ ಬಿದಿರಿನ ಗೊಟ್ಟ ಕೂಡ ನೇತುಹಾಕಿದ್ದಾರೆ. ಆಮೇಲೆ ಹೇಸರಗತ್ತೆ. ಕತ್ತೆ ಮಣ್ಣಿನದು, ಬೆನ್ನ ಮೇಲಿನ ಜೀನು ನಿಜವಾದದ್ದು, ಬೆವರಿನ ಕಲೆ ಇನ್ನೂ ಇದೆ. ರೊಟ್ಟಿ ಸುಡುವ ಕಬ್ಬಿಣದ ಒಲೆ, ಒಂದು ದಂಡಿಗೇ ಟೀ ಕಾಯಿಸುವ ಡ್ರಮ್ಮು, ಹಿಮದಲ್ಲಿ ಹಾಕುವ ಬೂಟು. ಗೋಡೆಯ ಮೇಲೆ ಒಂದು ನಕ್ಷೆ. ಗುಂಡಿ ಒತ್ತಿದರೆ ದಾರಿಯುದ್ದಕ್ಕೂ ಸಣ್ಣ ಬಲ್ಬುಗಳು ಹತ್ತಿಕೊಂಡು ಹೋಗುತ್ತವೆ. ರೈಲು, ಲಾರಿ, ಹೇಸರಗತ್ತೆ, ಆಮೇಲೆ ಆಳು. ಗುಡ್ಡದ ಬುಡಕ್ಕೆ ಬಂದು ಬಲ್ಬು ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ವಿಮಾನವೇ.

ತೋರಿಸುವವರು ಮೋಹನ್‌ಬಾಬು ಅಂತ, ಮಾಜಿ ಹವಾಲ್ದಾರ್, ಗೌರಿಬಿದನೂರಿನ ಕಡೆಯವರು. "ನೋಡಿಮ್ಮಾ, ಗುಡ್ಡದ ತುದೀಲಿ ಕೂತಿರೋನಿಗೆ ಎರಡು ವಾರ ಉಪ್ಪು ಬರ್ಲಿಲ್ಲ ಅಂದ್ರೆ, ಅವನು ಬಂದೂಕು ಎತ್ತೋದಿರ್ಲಿ, ಎದ್ದು ನಿಲ್ಲೋಕೂ ಆಗಲ್ಲ" ಅಂದರು.

"ಆ ಉಪ್ಪು ತಳ್ಳಿದೋರ ಮಗಳೇ ಕಣಪ್ಪ ನಾನು" ಅಂದೆ. ಆ ಮನುಷ್ಯ ಎರಡು ಕೈ ಎತ್ತಿ ಮುಗಿದುಬಿಟ್ಟ. ಭಾನು, ಸಾದಲಿಯಲ್ಲಿ ಯಾರಾದರೂ ಅಪ್ಪನಿಗೆ ಹಾಗೆ ಕೈ ಮುಗಿದದ್ದು ನೋಡಿದ್ದೀಯಾ? ನನಗೆ ಅಲ್ಲೇ ಕಣ್ಣು ತುಂಬಿತು. ನಿನ್ನ ಮುಂದೆ ಅತ್ತೆ ಅಂದುಕೊಳ್ಳಬೇಡ, ನೀನು ಅಲ್ಲಿರಲಿಲ್ಲ.

ವಿಮಾನದ ಬಾಗಿಲಿನಂತೆ ಒಂದು ಚೌಕಟ್ಟು ಮಾಡಿ, ಮೂಟೆ ತಳ್ಳುವ ಎರಡು ಬೊಂಬೆ ನಿಲ್ಲಿಸಿದ್ದಾರೆ. ಬೊಂಬೆಗಳು ಮೈದಾಹಿಟ್ಟು ಮೆತ್ತಿದ ಹಾಗೆ ಬೆಳ್ಳಗಿವೆ, ಅಪ್ಪನ ಬಣ್ಣದ ಒಬ್ಬನೂ ಇಲ್ಲ. ಆದರೆ ಸೊಂಟದ ಬೆಲ್ಟಿನಿಂದ ವಿಮಾನಕ್ಕೆ ಹಗ್ಗ ಕಟ್ಟಿದ್ದಾರೆ. ಅದನ್ನು ನೋಡುತ್ತ ಸುಮಾರು ಹೊತ್ತು ನಿಂತೆ. ಮೂಟೆಯ ಜೊತೆ ಮನುಷ್ಯನೂ ಆಚೆ ಹೋಗಬಾರದಲ್ಲ, ಅದಕ್ಕೆ ಆ ಹಗ್ಗ. ಅದರ ಗಂಟನ್ನೇ ಅಪ್ಪ ನನಗೆ ಕಲಿಸಿದ್ದು. "ಭಾರ ಬಿದ್ದಷ್ಟೂ ಬಿಗಿಯುತ್ತೆ ಕಣಮ್ಮ, ಬಿಚ್ಚೋಕೆ ಮಾತ್ರ ಒಂದು ಎಳೆ ಎಳೆದ್ರೆ ಸಾಕು" ಅನ್ನುತ್ತಿದ್ದರು. ನಮ್ಮ ಜೋಲಿಗೆಲ್ಲ ಅದೇ ಗಂಟು. ಅಮ್ಮ ಹೋದ ಮೇಲೆ ಕಟ್ಟುತ್ತಿದ್ದವಳು ನಾನು.

ಕೊನೆಯ ಕೋಣೆಯಲ್ಲಿ ನಮ್ಮ ಬಟ್ಟೆ. ಹೊಸ ಹಗ್ಗ ಹಾಕಿ, ಅರಳಿಸಿ, ಮೇಲಿನಿಂದ ಇಳಿಯುತ್ತಿರುವ ಹಾಗೆ ತೂಗುಹಾಕಿದ್ದಾರೆ. ಕೆಳಗೆ ಬೇಳೆ ಅಂತ ಬರೆದ ಮರದ ಪೆಟ್ಟಿಗೆ. ಇಸ್ತ್ರಿ ಮಾಡಿದ್ದಾರೆ, ಆದರೂ ಎರಡು ಕಡೆ ಗಂಟಿನ ಸುಕ್ಕು ಹೋಗಿಲ್ಲ. ಹರಿಣಿ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ಅಮ್ಮ, ಎಷ್ಟು ದೊಡ್ಡದಿದೆ, ನಾನು ಇದರಲ್ಲೇ ಮಲಗ್ತಿದ್ನಾ?" ಅಂದಳು. ನಾನು ಚೀಲ ಬಿಚ್ಚಿ ಮೋಹನ್‌ಬಾಬು ಅವರಿಗೆ ವಿಷಯ ಹೇಳಿದೆ.

ಪಾಪ, ನಗಲಿಲ್ಲ. "ಅಮ್ಮ, ಇದು ಪಾತ್ರೆ ಸಾಮಾನಲ್ಲ. ಮ್ಯೂಸಿಯಂ ಒಳಗೆ ಬಂದಿದ್ದು ಹಂಗೆಲ್ಲ ಆಚೆ ಹೋಗಲ್ಲ. ಕೊಟ್ಟಿರೋ ಸಾರೇ ಒಂದು ಲೆಟರ್ ಸೈನ್ ಮಾಡಿ ಕಳಿಸ್ಲಿ, ಮೇಜರ್ ಸಾಹೇಬ್ರು ಒಳ್ಳೇವ್ರು, ವಾಪಸ್ಸೇ ಕೊಡ್ತಾರೆ" ಅಂದರು. ಆಮೇಲೆ ಅವರೇ ಹೇಳಿದರು, ಬಟ್ಟೆಯ ಕೆಳಗಿನ ಬೆಂಚಿಗೆ ಭಾನುವಾರ ಭಾನುವಾರ ಒಬ್ಬ ಮೇಡಂ ಬಂದು ಕೂರುತ್ತಾರಂತೆ. ಬೇರೆ ಏನೂ ನೋಡುವುದಿಲ್ಲವಂತೆ. ಬಾಗಿಲು ಹಾಕುವಾಗ ಎದ್ದು ಹೋಗುತ್ತಾರಂತೆ. ಯಾರೋ ಮಿಲಿಟರಿಯವನ ಹೆಂಡತಿ ಇರಬೇಕು.

ಒಂದು ಸಹಿ ಭಾನು. ಒಂದು ಹಾಳೆ, ಒಂದು ಸಹಿ. ನಿನ್ನ ಗಂಟೇನೂ ಹೋಗುವುದಿಲ್ಲ.

ನೀನು ಕೇಳಿದ ಆ ಹೆಸರಿನ ಬಗ್ಗೆ ನಾನು ಬರೆಯುವುದಿಲ್ಲ. ಬರೆಸಲು ನೋಡಬೇಡ.

ಮಂಗಮ್ಮ


ಚಿಂತಾಮಣಿ
22 ಜುಲೈ 2025

ಅಕ್ಕ,

ಚೀಲ ಹಿಡಿದುಕೊಂಡು ಹೋಗಿ ಮ್ಯೂಸಿಯಮ್ಮಿನಲ್ಲಿ ಕೊಪ್ಪರಿಗೆಯ ಕಥೆ ಹೇಳಿದ್ದೀಯ. ಮೇಜರ್ ನನಗೆ ಫೋನ್ ಮಾಡಿ ಕೇಳಿದಾಗ ಭೂಮಿಗೆ ಇಳಿದುಹೋದೆ. ಬಸುರಿ ಹುಡುಗಿಯನ್ನು ಬೇರೆ ಬಿಸಿಲಲ್ಲಿ ಎಳೆದುಕೊಂಡು ಹೋಗಿದ್ದೀಯ.

ನಾನು ಸಹಿ ಹಾಕುವುದಿಲ್ಲ. ಹಟ ಎಂದರೆ ಹಟ.

ಹರಿಣಿಯ ಮೇಲೆ ನನಗೆ ಕೋಪವಿಲ್ಲ, ಅವಳು ನನ್ನ ತೋಳಲ್ಲಿ ಬೆಳೆದವಳು. ಅವಳ ಮಗುವಿಗೆ ಒಳ್ಳೆಯ ತೇಗದ ತೊಟ್ಟಿಲು ಮಾಡಿಸಿ ಕಳುಹಿಸುತ್ತೇನೆ. ಅದರಲ್ಲಿ ಮಲಗಿಸಿ. ಆ ಬಟ್ಟೆಯ ವಿಷಯ ಇಲ್ಲಿಗೆ ಸಾಕು. ಯಾಕೆ ಎಂದು ನಿನಗೆ ನಾನು ಹೇಳಬೇಕಾಗಿಲ್ಲ. ನನಗಿಂತ ಚೆನ್ನಾಗಿ ನಿನಗೆ ಗೊತ್ತು.

ಭಾನುಪ್ರಕಾಶ್


ಮಂಚೇನಹಳ್ಳಿ
19 ಆಗಸ್ಟ್ 2025

ಭಾನು,

ನಿನ್ನ ತೇಗದ ತೊಟ್ಟಿಲು ಬಂತು. ಗೋಣಿ ಕೂಡ ಬಿಚ್ಚದೆ ಬಂದ ಲಗೇಜ್ ಆಟೋದಲ್ಲೇ ವಾಪಸ್ ಕಳಿಸಿದ್ದೇನೆ. ಅದರಲ್ಲಿ ನೀನೇ ಮಲಗು, ನಿನ್ನ ಹೆಂಡತಿ ಕೂತು ತೂಗಲಿ.

ಇದೆಲ್ಲ ಅವಳ ಕಿತಾಪತಿ ಅಂತ ನನಗೆ ಗೊತ್ತಿಲ್ಲವಾ? ಮಾತಾಡದೆ ಮುಖ ಬಿಗಿದುಕೊಂಡೇ ಮನೆ ಒಡೆದವಳು. ಅಪ್ಪನಿಗೆ ಹುಷಾರಿಲ್ಲದೆ ಹಾಸಿಗೆ ಹಿಡಿದಾಗಲೂ ನನ್ನ ಮನೆಯ ಹೊಸ್ತಿಲು ತುಳಿಯಲಿಲ್ಲ. ನೀನು ಒಬ್ಬನೇ ಬರುತ್ತಿದ್ದೆ, ಕಳ್ಳನ ಹಾಗೆ ಬಂದು ಕಳ್ಳನ ಹಾಗೆ ಹೋಗುತ್ತಿದ್ದೆ. ಅಪ್ಪ ಬಾಗಿಲು ನೋಡಿ ನೋಡಿ, "ಯಶೋದಮ್ಮ ಬರ್ಲಿಲ್ವಾ?" ಅಂತ ಕೇಳುತ್ತಿದ್ದರು.

ಕೇಳಿಸಿಕೊ. ಬರುವ ತಿಂಗಳು ನಮ್ಮ ಮಹಿಳಾ ಸಂಘದವರನ್ನೆಲ್ಲ ಟೆಂಪೋ ಮಾಡಿಕೊಂಡು ಕರೆದುಕೊಂಡು ಹೋಗಿ ಆ ಮ್ಯೂಸಿಯಂ ಬಾಗಿಲಲ್ಲಿ ಕೂರುತ್ತೇನೆ. ಮೈಕು ಹಿಡಿದು ನಿನ್ನ ಹೆಸರು ಹೇಳುತ್ತೇನೆ, ಅವಳ ಹೆಸರೂ ಹೇಳುತ್ತೇನೆ. ಆಮೇಲೆ ಅಕ್ಕ ಹೀಗೆ ಮಾಡಿದಳು ಅನ್ನಬೇಡ.

ಮಂಗಮ್ಮ


ಚಿಂತಾಮಣಿ
30 ಆಗಸ್ಟ್ 2025

ಮಂಗಕ್ಕನವರಿಗೆ,

ಈ ಪತ್ರ ಬರೆಯುತ್ತಿರುವುದು ನಿಮ್ಮ ತಮ್ಮನಿಗೆ ಗೊತ್ತಿಲ್ಲ. ನಿಮ್ಮ ಪತ್ರಗಳನ್ನು ಅವರು ನನಗೆ ತೋರಿಸಿರಲಿಲ್ಲ. ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿ ಮೂರೂ ಸಿಕ್ಕಿದವು. ನಾನು ಕೂತು ತೊಟ್ಟಿಲು ತೂಗಲಿ ಎಂದು ಬರೆದಿದ್ದೀರಿ. ತೊಟ್ಟಿಲು ವಾಪಸ್ ಬಂದು ನಮ್ಮ ಹಜಾರದಲ್ಲೇ ಇದೆ. ಖಾಲಿಯಾಗಿಯೇ ಇದೆ.

ನಿಮ್ಮಿಬ್ಬರಿಗೂ ಬರೆಯಲಾಗದ ಹೆಸರನ್ನು ನಾನು ಬರೆಯುತ್ತೇನೆ. ನಾಗಸೇನ. ಹೆಸರಿಟ್ಟವರು ಮಾವನವರೇ. ನೀವೆಲ್ಲ ನಾಗು, ನಾಗು ಎನ್ನುತ್ತಿದ್ದಿರಿ. ನನ್ನ ಮಗ. ನಿಮ್ಮ ತಮ್ಮನ ಮಗ. ಅವನೂ ಅದೇ ಬಟ್ಟೆಯಲ್ಲಿ ಮಲಗಿದ.

ಅವನಿಗೆ ಮೂರು ತಿಂಗಳು ತುಂಬಿತ್ತು. ಮಾವನವರಿಗೆ ತೋರಿಸಲು ನಿಮ್ಮ ಮನೆಗೆ ಕರೆದುಕೊಂಡು ಬಂದಿದ್ದೆವು. ನೀವು ನಡುಮನೆಯ ತೊಲೆಗೆ ಜೋಲಿ ಕಟ್ಟಿದಿರಿ. ಮಗು ನಿದ್ದೆ ಹೋಯಿತು. ಅಡುಗೆಮನೆಯಲ್ಲಿ ಎಲೆ ಹಾಕಿದ್ದಿರಿ. ನಾನು ಇಲ್ಲೇ ಕೂತಿರುತ್ತೇನೆ, ನೀವೆಲ್ಲ ಉಣ್ಣಿ ಅಂದೆ. "ಜೋಲೀಲಿ ಮಲಗಿರೋ ಕೂಸು ಎಲ್ಲಿಗ್ ಹೋಗುತ್ತೆ, ಬಾರಮ್ಮ, ಅನ್ನ ಆರುತ್ತೆ" ಅಂದಿರಿ. ಬಂದೆ. ಸಾರು ಬಡಿಸಿದಿರಿ. ಸಾಕು ಅಂದರೂ ಮಜ್ಜಿಗೆಗೆ ಇನ್ನೊಂದು ಹಿಡಿ ಅನ್ನ ಹಾಕಿದಿರಿ. ಕೈ ತೊಳೆದು ಬಂದು ನೋಡಿದೆ.

ಹುಟ್ಟಿನಿಂದಲೇ ಹೃದಯದಲ್ಲಿ ದೋಷವಿತ್ತು, ಪಕ್ಕದಲ್ಲೇ ಯಾರಿದ್ದಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ನಾನು ಅದನ್ನು ನಂಬಿದ್ದೇನೆ. ನಿಮ್ಮ ಗಂಟಿನ ಮೇಲೆ ನನಗೆ ದೂರಿಲ್ಲ, ಬಟ್ಟೆಯ ಮೇಲೂ ಇಲ್ಲ. ದೂರು ಇರುವುದು ಒಂದು ಮಾತಿನ ಮೇಲೆ. ಮೂರನೆಯ ದಿನ ಹಿತ್ತಲಲ್ಲಿ ನಿಂತು ಪಕ್ಕದ ಮನೆಯ ಕೊಂಡಮ್ಮನಿಗೆ ನೀವು ಹೇಳಿದಿರಿ: "ತಾಯಿ ಹಾಲು ಸಾಲ್ತಿರ್ಲಿಲ್ಲ, ಹುಟ್ಟಿದಾಗ್ಲಿಂದ್ಲೂ ಕೂಸು ಸೊರಗಿತ್ತು." ನಾನು ಒಳಗೆ ಕಿಟಕಿಯ ಹತ್ತಿರವೇ ಮಲಗಿದ್ದೆ. ಎದೆಹಾಲು ಕಟ್ಟಿಕೊಂಡು, ಜ್ವರ ಬಂದು, ಮಗ್ಗುಲಾಗಲು ಆಗದೆ ಮಲಗಿದ್ದೆ. ನಿಮ್ಮ ಹೊಸ್ತಿಲನ್ನು ನಾನು ಯಾಕೆ ತುಳಿಯುವುದಿಲ್ಲ ಎಂದು ಈಗ ತಿಳಿಯಿತೆ?

ಮಾವನವರು ಅವತ್ತೇ ಆ ಬಟ್ಟೆಯನ್ನು ಮಡಿಸಿ ಟ್ರಂಕಿಗೆ ಹಾಕಿ ಬೀಗ ಹಾಕಿದರು. ಅವರಿರುವ ತನಕ ತೆಗೆಯಲಿಲ್ಲ. ಟ್ರಂಕು ನಮ್ಮ ಮನೆಗೆ ಬಂದ ಮೇಲೆ ನಾನು ಆ ಕೋಣೆಗೆ ಹೋಗುವುದನ್ನೇ ಬಿಟ್ಟೆ. ಸುಟ್ಟುಬಿಡೋಣ ಎಂದು ಒಂದು ದಿನ ಅವರು ಹಿತ್ತಲಿಗೆ ತೆಗೆದುಕೊಂಡು ಹೋದರು. ನಾನೇ ಓಡಿ ಹೋಗಿ ಕಿತ್ತುಕೊಂಡೆ. ಇಟ್ಟುಕೊಳ್ಳಲೂ ಆಗದು, ಸುಡಲೂ ಆಗದು. ಆಗ ಆ ಮ್ಯೂಸಿಯಮ್ಮಿನ ವಿಷಯ ಪೇಪರಿನಲ್ಲಿ ಬಂತು. ಕೊಡೋಣ ಎಂದವಳು ನಾನೇ. ಕಿತಾಪತಿ ಎಂದು ಬರೆದಿದ್ದೀರಿ, ಹಾಗೇ ಇಟ್ಟುಕೊಳ್ಳಿ.

ಭಾನುವಾರದ ಆ ಮೇಡಂ ನಾನೇ. ಚಿಂತಾಮಣಿಯಿಂದ ಚಿಕ್ಕಬಳ್ಳಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಪೆರೇಸಂದ್ರಕ್ಕೆ ಇನ್ನೊಂದು. ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ ಕೂರುತ್ತೇನೆ. ನನ್ನನ್ನು ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಐದು ಗಂಟೆಗೆ ಬಾಗಿಲು ಹಾಕುತ್ತಾರೆ, ಏಳಲೇಬೇಕು, ಎದ್ದು ಮನೆಗೆ ಬರುತ್ತೇನೆ. ಮನೆಯಲ್ಲಿದ್ದಿದ್ದರೆ ನನ್ನನ್ನು ಏಳಿಸುವವರು ಯಾರೂ ಇರುತ್ತಿರಲಿಲ್ಲ.

ನಿಮಗೆ ಬೇಕಾಗಿರುವುದು ಆ ಬಟ್ಟೆ. ಟೆಂಪೋ ಮಾಡಿಕೊಂಡು ಬನ್ನಿ, ಮೈಕೂ ತನ್ನಿ. ನನ್ನ ಹೆಸರು ಹೇಳುವಾಗ ನನ್ನ ಮಗನ ಹೆಸರನ್ನೂ ಸೇರಿಸಿ ಹೇಳಿ. ಅಷ್ಟು ಮಾಡಿದರೆ ಸಹಿ ನಾನೇ ಹಾಕಿಸಿಕೊಡುತ್ತೇನೆ.

ಯಶೋಧರಾ


ಮಂಚೇನಹಳ್ಳಿ
27 ಅಕ್ಟೋಬರ್ 2025

ಯಶೋಧರಾ,

ಎರಡು ತಿಂಗಳು ತಡವಾಗಿ ಬರೆಯುತ್ತಿದ್ದೇನೆ. ನಾಲ್ಕು ಸಲ ಬರೆದು ಒಲೆಗೆ ಹಾಕಿದೆ. ಇದು ಐದನೆಯದು, ಚೆನ್ನಾಗಿಲ್ಲದಿದ್ದರೂ ಕಳಿಸುತ್ತೇನೆ.

ಮೊದಲು ಜಗಳ ಮುಗಿಸುತ್ತೇನೆ. ಸಹಿ ಕೊಡಿಸುತ್ತೇನೆ ಅಂತ ಹೆದರಿಸುವುದು ನನ್ನ ಹತ್ತಿರ ನಡೆಯುವುದಿಲ್ಲ. ನನಗೆ ನಿನ್ನ ಸಹಿ ಬೇಡ. ನಿನ್ನ ಗಂಡನ ಸಹಿಯೂ ಬೇಡ. ಅವನು ಮೊದಲ ಪತ್ರದಲ್ಲೇ ನೆಟ್ಟಗೆ ಒಂದು ಮಾತು ಬರೆದಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ಮೂಟೆ ಮಿಲಿಟರಿ, ಧಮ್ಮ ದೀಕ್ಷೆ ಅಂತ ಏನೇನೋ ಭಾಷಣ ಬಿಗಿದ. ಅವನಿಗೆ ಅದನ್ನು ನನ್ನ ಹೆಸರಲ್ಲಿ ಹೇಳು.

ಸಂಘದವರನ್ನು ಕರೆಯಲಿಲ್ಲ. ಸೆಪ್ಟೆಂಬರಿನಲ್ಲಿ ಒಂದು ಭಾನುವಾರ ನಾನೊಬ್ಬಳೇ ಬಸ್ಸಿನಲ್ಲಿ ಹೋದೆ. ಟಿಕೆಟ್ ತೆಗೆದುಕೊಂಡೆ. ಕೊನೆಯ ಕೋಣೆಯ ಬಾಗಿಲಿಗೆ ಬಂದಾಗ ಬೆಂಚಿನ ಮೇಲೆ ನಿನ್ನ ಬೆನ್ನು ಕಂಡಿತು. ತಲೆ ಎತ್ತಿ ಮೇಲೆ ನೋಡುತ್ತ ಕೂತಿದ್ದೆ. ಕೂದಲು ಅಷ್ಟು ಬೆಳ್ಳಗಾಗಿದೆ ಅಂತ ನನಗೆ ಗೊತ್ತಿರಲಿಲ್ಲ ಕಣೇ. ಬೈಯಬೇಕು ಅಂತ ಬಾಯಿ ತುಂಬ ತುಂಬಿಕೊಂಡು ಬಂದಿದ್ದೆ. ಒಳಗೆ ಕಾಲಿಡಲು ಆಗಲಿಲ್ಲ. ಮೋಹನ್‌ಬಾಬು ಅವರು ಏನಮ್ಮಾ ಅಂತ ಕೇಳಿದರು, ಏನಿಲ್ಲ ಅಂತ ಕೈ ಆಡಿಸಿ ಹೊರಗೆ ಬಂದೆ. ರಸ್ತೆಯ ಆ ಕಡೆ ಎಳನೀರಿನವನ ಹತ್ತಿರ ನಿಂತಿದ್ದೆ. ಐದು ಗಂಟೆಗೆ ನೀನು ಬಂದು ಬಸ್ಸು ಹತ್ತುವುದನ್ನು ನೋಡಿಕೊಂಡೇ ನಾನು ಹೊರಟೆ.

ಕೊಂಡಮ್ಮನಿಗೆ ಹಾಗೆ ಹೇಳಿದ್ದು ಹೌದು. "ನಿಮ್ಮನೇಲೇ ಹಿಂಗಾಯ್ತಲ್ಲಾ ಮಂಗಮ್ಮ, ನೀನೇ ಅಲ್ವಾ ಜೋಲಿ ಕಟ್ಟಿದ್ದು?" ಅಂತ ಅವಳು ಕೇಳಿದಳು. ತಪ್ಪನ್ನು ನನ್ನ ಮೇಲಿಂದ ಆಚೆ ನೂಕಬೇಕಿತ್ತು, ನೀನು ಸಿಕ್ಕಿದೆ. ಅದಕ್ಕಿಂತ ಹೆಚ್ಚಿಗೆ ನನ್ನಿಂದ ಬರೆಯಲಾಗದು.

ಹರಿಣಿಯ ಕೂಸಿಗೆ ಅದೇ ಬಟ್ಟೆ ಬೇಕು ಅಂತ ಯಾಕೆ ಅಷ್ಟು ಹಟ ಮಾಡಿದೆ ಗೊತ್ತಾ? ಅಪ್ಪನ ನೆನಪಿಗೆ ಅಂದೆ, ವಾಡಿಕೆ ಅಂದೆ. ಅದೆಲ್ಲ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಆ ಬಟ್ಟೆಗೆ ನಾನು ಕೊನೆಯದಾಗಿ ಹಾಕಿದ ಗಂಟು ನಾಗುಗೆ ಹಾಕಿದ್ದು. ಅದನ್ನೇ ಕೊನೆಯ ಗಂಟಾಗಿ ಬಿಟ್ಟು ನಾನು ಹೇಗೆ ಸಾಯಲಿ? ಅದೇ ಬಟ್ಟೆಯಲ್ಲಿ, ಅದೇ ಗಂಟಿನಲ್ಲಿ, ಇನ್ನೊಂದು ಕೂಸು ಮಲಗಿ ಎದ್ದು ಅತ್ತರೆ ಸಾಕು ಅಂತಿತ್ತು. ಎದ್ದು ಒಂದು ಸಲ ಜೋರಾಗಿ ಅಳಬೇಕು. ಅಷ್ಟೇ ನನಗೆ ಬೇಕಾಗಿದ್ದದ್ದು. ಅದೇ ಬಟ್ಟೆಯ ಕೆಳಗೆ ನೀನು ಕೂರುತ್ತೀಯ ಅಂತ ನನಗೆ ಹೇಗೆ ಗೊತ್ತಾಗಬೇಕು? ಬಟ್ಟೆ ಅಲ್ಲೇ ಇರಲಿ. ನಾನು ಇನ್ನು ಕೇಳುವುದಿಲ್ಲ.

ಹೋದ ವಾರ ಹರಿಣಿಗೆ ಹೆಣ್ಣುಮಗು ಆಯಿತು. ಕಪ್ಪಗೆ, ಗುಂಡಗೆ, ಅಪ್ಪನ ಹಾಗೇ ಹಣೆ ಅಗಲ. ಅಂಬರೀಶ ಅಂಗಡಿಯಿಂದ ಸ್ಪ್ರಿಂಗ್ ತೊಟ್ಟಿಲು ತಂದಿದ್ದಾನೆ. ಕಿರಕಿರ ಅನ್ನುತ್ತದೆ, ಕೂಸು ನಿದ್ದೆ ಮಾಡುವುದಿಲ್ಲ. ಜೋಲಿ ಕಟ್ಟಮ್ಮ ಅಂತ ಹರಿಣಿ ದಿನಾ ಅಳುತ್ತಾಳೆ. ಕಟ್ಟುವುದಿಲ್ಲ ಅಂದಿದ್ದೇನೆ. ಈ ಕೈಯಲ್ಲಿ ಇನ್ನು ಜೋಲಿಗೆ ಗಂಟು ಹಾಕುವುದಿಲ್ಲ.

ನವೆಂಬರ್ ಹದಿನಾರು, ಭಾನುವಾರ, ಹೆಸರಿಡುತ್ತೇವೆ. ಬಾ ಅಂತ ನಾನು ಗೋಗರೆಯುತ್ತಿಲ್ಲ. ಕರೆಯಲೇ ಇಲ್ಲ ಅಂತ ನಾಳೆ ನೀವಿಬ್ಬರೂ ಹೇಳಿಕೊಂಡು ತಿರುಗಬಾರದು, ಅದಕ್ಕೆ ಬರೆದಿದ್ದೇನೆ.

ಮಂಗಮ್ಮ


ಚಿಂತಾಮಣಿ
14 ನವೆಂಬರ್ 2025

ಮಂಗಕ್ಕನವರಿಗೆ,

ನಾನು ಬರುವುದಿಲ್ಲ. ನಿಮ್ಮ ನಡುಮನೆಯಲ್ಲಿ ನಿಂತು ಆ ತೊಲೆ ನೋಡಲು ನನಗೆ ಶಕ್ತಿಯಿಲ್ಲ. ನಿಮ್ಮ ತಮ್ಮ ಬರುತ್ತಾರೆ. ನೀವು ಹೇಳಿ ಕಳುಹಿಸಿದ್ದನ್ನು ಅವರಿಗೆ ಓದಿ ಹೇಳಿದೆ. ನಿಮ್ಮ ನಂಬರನ್ನು ಬ್ಲಾಕಿನಿಂದ ತೆಗೆದಿದ್ದಾರೆ. ನಾನು ತೆಗೆದಿಲ್ಲ.

ಕೊಂಡಮ್ಮನಿಗೆ ಹೇಳಿದ ಮಾತನ್ನು ನಾನು ಮರೆಯುವುದಿಲ್ಲ. ಮರೆತೆ ಎಂದು ಬರೆದರೆ ಅದು ಸುಳ್ಳು. ನೀವೂ ಮರೆಯಬೇಡಿ.

ಈ ಪತ್ರದ ಜೊತೆ ಅವರ ಕೈಯಲ್ಲಿ ಒಂದು ಸೀರೆ ಕಳುಹಿಸುತ್ತಿದ್ದೇನೆ. ಹತ್ತಿಯದು, ಹಳೆಯದು, ಒಗೆದೂ ಒಗೆದೂ ಮೆತ್ತಗಾಗಿದೆ. ನಾಗಸೇನ ಹೊಟ್ಟೆಯಲ್ಲಿದ್ದಾಗ ಮನೆಯಲ್ಲಿ ಉಡುತ್ತಿದ್ದದ್ದು. ಬೇರೆಯವರಾದರೆ ಅಪಶಕುನ ಎನ್ನುತ್ತಿದ್ದರು. ನಾವು ಅದನ್ನೆಲ್ಲ ಬಿಟ್ಟವರಲ್ಲವೆ? ಎರಡು ಮಡಿಕೆ ಮಾಡಿದರೆ ಭಾರ ತಡೆಯುತ್ತದೆ, ನಾನು ಎಳೆದು ನೋಡಿದ್ದೇನೆ.

ಆ ಸ್ಪ್ರಿಂಗ್ ತೊಟ್ಟಿಲು ಬೇಡ. ಜೋಲಿ ಕಟ್ಟಿ. ಗಂಟು ನೀವೇ ಹಾಕಿ, ಬೇರೆ ಯಾರ ಕೈಗೂ ಕೊಡಬೇಡಿ. ಮಗು ಮಲಗಿ ಎದ್ದು ಅತ್ತ ಮೇಲೆ ಇವರ ಫೋನಿನಿಂದ ನನಗೆ ಒಂದು ಕಾಲ್ ಮಾಡಿಸಿ. ಯಾರೂ ಮಾತಾಡುವುದು ಬೇಡ, ಫೋನನ್ನು ಮಗುವಿನ ಹತ್ತಿರ ಹಿಡಿದರೆ ಸಾಕು.

ಊಟಕ್ಕೆ ಎಲ್ಲರೂ ಒಟ್ಟಿಗೆ ಏಳಬೇಡಿ.

ಯಶೋಧರಾ